ಪುಟ ಹದಿನೇಳರ ತಪ್ಪು–ಒಪ್ಪು

ಮಾರ್ಚ್ ೪

ಕರಡು ತಿದ್ದುವ ವಿಭಾಗಕ್ಕೆ,

ಮಾನ್ಯರೇ,

ನಮ್ಮ ಬೈಕ್ ತರಬೇತಿ ಶಾಲೆಯ ಕೈಪಿಡಿಯ ಮುನ್ನೂರು ಪ್ರತಿಗಳು ತಲುಪಿದವು. ಕಾಗದ ಚೆನ್ನಾಗಿದೆ, ಹೊಲಿಗೆ ಗಟ್ಟಿಯಾಗಿದೆ, ಚಿತ್ರಗಳು ತಲೆಕೆಳಗಾಗಿಲ್ಲ. ಹೊಗಳಿಕೆ ಇಷ್ಟು ಸಾಕು.

ಈಗ ಪುಟ ಹದಿನೇಳು, ಮೇಲಿನಿಂದ ಒಂಬತ್ತನೆಯ ಸಾಲು ನೋಡಿ. ನಾನು ಬರೆದು ಕಳಿಸಿದ್ದು ಹೀಗೆ: ‘ವೇಗದಲ್ಲಿರುವಾಗ ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ಒತ್ತಿ.’ ನೀವು ಅಚ್ಚು ಹಾಕಿದ್ದು ಹೀಗೆ: ‘ಎಡ ಹಿಡಿಯನ್ನು ಹಿಂದಕ್ಕೆ ಎಳೆಯಿರಿ.’ ಇದು ಅಕ್ಷರದೋಷವಲ್ಲ. ಯಾರೋ ಕೂತು, ಯೋಚನೆ ಮಾಡಿ, ಪೂರಾ ತಿರುಗಿಸಿ ಬರೆದಿದ್ದಾರೆ.

ನಮ್ಮಲ್ಲಿ ಕಲಿಯಲು ಬರುವವರಲ್ಲಿ ಒಬ್ಬರು ಗಣಿತದ ಮೇಷ್ಟರು. ಅಚ್ಚಾದದ್ದನ್ನೆಲ್ಲ ನಂಬುವ ಜಾತಿ. ಹದಿನೇಳನೆಯ ಪುಟವನ್ನು ಬಾಯಿಪಾಠ ಮಾಡಿಕೊಂಡು ಬಂದು, ಎಡ ತಿರುವಿನಲ್ಲಿ ಎಡ ಹಿಡಿಯನ್ನು ಶ್ರದ್ಧೆಯಿಂದ ಹಿಂದಕ್ಕೆ ಎಳೆದು, ನೆಟ್ಟಗೆ ಹೋಗಿ ಬಲಗಡೆಯ ಟೈರುಗಳ ಸಾಲಿಗೆ ನುಗ್ಗಿದರು. ಮೊಣಕೈ ತರಚಿದೆ. ಎದ್ದು ನಿಂತವರು, “ಪುಸ್ತಕದಲ್ಲಿ ಹೀಗೇ ಇದೆಯಲ್ಲಾ ಮೇಡಂ!” ಎಂದು ನನ್ನನ್ನೇ ಕೇಳಿದರು. ಮೈದಾನದಲ್ಲಿ ಟೈರು ಇರುತ್ತದೆ, ರಸ್ತೆಯಲ್ಲಿ ಲಾರಿ ಇರುತ್ತದೆ.

ತಿದ್ದಿದವರು ಯಾರೆಂದು ತಿಳಿಸಿ. ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಲು ತಪ್ಪು–ಒಪ್ಪಿನ ಚೀಟಿ ಅಚ್ಚು ಮಾಡಿಕೊಡಿ.

ಇಂತಿ,
ಮುಖ್ಯ ತರಬೇತುದಾರಳು


ಮಾರ್ಚ್ ೯

ಮಾನ್ಯರೇ,

ತಮ್ಮ ಪತ್ರ ತಲುಪಿತು. ತಿದ್ದಿದವನು ನಾನೇ. ಈ ವಿಭಾಗದಲ್ಲಿ ನನ್ನನ್ನು ಬಿಟ್ಟರೆ ಒಂದು ಫ್ಯಾನು, ಒಂದು ನಿಘಂಟು ಇವೆ. ಅವು ತಿದ್ದುವುದಿಲ್ಲ.

ಆದರೆ ಇದನ್ನು ತಪ್ಪು ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತಿದೆ. ಹ್ಯಾಂಡಲಿನ ಎಡಗಡೆಯನ್ನು ಮುಂದಕ್ಕೆ ಒತ್ತಿದರೆ ಮುಂದಿನ ಚಕ್ರ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಹೋಗಬೇಕಾದವರು ಚಕ್ರವನ್ನು ಬಲಕ್ಕೆ ಏಕೆ ತಿರುಗಿಸಬೇಕು? ಬರೆದವರ ಕೈತಪ್ಪು ಎಂದುಕೊಂಡೆ. ಮೂಲಪ್ರತಿ ಟೈಪಾಗಿ ಬಂದಿತ್ತು, ಮೇಲೆ ಶಾಲೆಯ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಸರಿ ಮಾಡಿದೆ. ಉಪಕಾರ ಮಾಡಿದೆನೆಂದೇ ಆ ದಿನ ಸಮಾಧಾನದಿಂದ ಊಟ ಮಾಡಿದೆ.

ಇಲ್ಲಿಯವರೆಗೆ ಕಚೇರಿಯ ಪತ್ರ. ಇನ್ನು ಮುಂದೆ ಏನೆಂದು ಬರೆಯಲಿ? ನಿಮ್ಮ ಕಾಗದ ಕೈಬರಹದಲ್ಲಿತ್ತು. ‘ಳ’ಕಾರದ ಬಾಲವನ್ನು ಕೆಳಗಿನ ಸಾಲಿನ ತಲೆಗೆ ತಾಗುವಂತೆ ಎಳೆಯುವವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಮೂರು ಸಲ ಓದಿದೆ. ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ಓದಿದೆ.

ಅಕ್ಕಾ, ಇದು ನೀನೇನಾ? ನಾನು ಇಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತಿತ್ತಾ?

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಬಾಯಿಗೆ ಬಂದದ್ದನ್ನು ತಿದ್ದಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಂತಿ,
ಕರಡು ತಿದ್ದುವವ
(ನೀನೇ ಆಗಿದ್ದರೆ, ತಿದ್ದಪ್ಪ)


ಮಾರ್ಚ್ ೧೫

ತಿದ್ದಪ್ಪಾ,

ನಾನೇ. ಮನೆಮಂದಿಯ ಮಾತನ್ನೆಲ್ಲ ತಿದ್ದಿ ತಿದ್ದಿ ಆ ಹೆಸರು ಗಿಟ್ಟಿಸಿಕೊಂಡವನು ನೀನು. ಅದನ್ನೇ ಕೆಲಸ ಮಾಡಿಕೊಂಡಿದ್ದೀಯ, ಸಂತೋಷ.

ನೀನು ಕೇಳಿದ್ದಕ್ಕೆ ಉತ್ತರ, ಒಂದೇ ಸಲ ಹೇಳುತ್ತೇನೆ, ಗಮನವಿಟ್ಟು ಓದು. ನಡಿಗೆಯ ವೇಗದಲ್ಲಿ ಹ್ಯಾಂಡಲನ್ನು ಹೋಗುವ ಕಡೆಗೇ ತಿರುಗಿಸುತ್ತಾರೆ, ಅಲ್ಲಿ ನಿನ್ನ ಲೆಕ್ಕ ಸರಿ. ವೇಗ ಬಂದ ಮೇಲೆ ಎರಡು ಚಕ್ರದ ಗಾಡಿ ಹಾಗೆ ತಿರುಗುವುದಿಲ್ಲ, ವಾಲಿ ತಿರುಗುತ್ತದೆ. ಎಡಕ್ಕೆ ವಾಲಿಸಬೇಕಾದರೆ ಎಡ ಹಿಡಿಯನ್ನು ಒಂದಿಷ್ಟು ಮುಂದಕ್ಕೆ ಒತ್ತಬೇಕು. ಚಕ್ರ ಒಂದು ಕ್ಷಣ ಬಲಕ್ಕೆ ಹೊರಳುತ್ತದೆ, ಗಾಡಿಯ ಮೈ ಎಡಕ್ಕೆ ವಾಲುತ್ತದೆ. ವಾಲಿದ ಗಾಡಿ ಎಡಕ್ಕೆ ತಿರುಗುತ್ತದೆ. ಅಷ್ಟೆ.

ಅರ್ಥವಾಗಲಿಲ್ಲ ಅಂದರೆ ಹೀಗೆ ನೋಡು. ನೀನು ನಿಂತಿರುವ ಚಾಪೆಯನ್ನು ಯಾರಾದರೂ ಬಲಕ್ಕೆ ಎಳೆದರೆ ಯಾವ ಕಡೆ ಬೀಳುತ್ತೀಯ? ಎಡಕ್ಕೆ. ಬೈಕಿನ ಚಕ್ರವೇ ಚಾಪೆ.

ಬೈಕ್ ಓಡಿಸುವವರೆಲ್ಲ ಇದನ್ನೇ ಮಾಡುತ್ತಾರೆ, ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ, ಗಾಬರಿಯಾದಾಗ ಕೈ ಉಲ್ಟಾ ಕೆಲಸ ಮಾಡುತ್ತದೆ. ಅದಕ್ಕೇ ನಾನು ಹೇಳಿಕೊಡುವುದು.

ಅಮ್ಮ ಹೇಗಿದ್ದಾಳೆ? ಕಣ್ಣಿನ ಆಪರೇಷನ್ ಆಯಿತಂತೆ, ಯಾರೋ ಹೇಳಿದರು. ಚೀಟಿ ಬೇಗ ಕಳಿಸು.

ನಿನ್ನ
ಅಕ್ಕ


ಮಾರ್ಚ್ ೨೨

ಅಕ್ಕಾ,

ಅಮ್ಮನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ಗೋಡೆಯ ಮೇಲಿನ ಕಲೆಗಳನ್ನೆಲ್ಲ ಎಣಿಸಿ ಹೇಳುತ್ತಾಳೆ. ನೀನು ಪತ್ರ ಬರೆದಿದ್ದೀಯೆಂದೆ. “ಏನಂತೆ?” ಎಂದಳು. ಹ್ಯಾಂಡಲಿನ ವಿಷಯವೆಂದೆ. “ಇನ್ನೂ ಅದೇನಾ?” ಎಂದು ಎದ್ದು ಒಳಗೆ ಹೋದಳು.

ನನಗೆ ನಿನ್ನ ಮಾತು ಅರ್ಥವಾಗಲಿಲ್ಲ. ಪ್ರಯತ್ನ ಪಡಲಿಲ್ಲ ಎನ್ನಬೇಡ. ಪ್ರೆಸ್ಸಿನ ಅಂಗಳದಲ್ಲಿ ಕಾವಲುಗಾರನ ಸೈಕಲ್ ನಿಲ್ಲಿಸಿಕೊಂಡು ಎಡ ಹಿಡಿಯನ್ನು ಮುಂದಕ್ಕೆ ಒತ್ತಿದೆ. ಚಕ್ರ ಬಲಕ್ಕೇ ತಿರುಗಿತು. ಹತ್ತು ಸಲ ಒತ್ತಿದರೂ ಬಲಕ್ಕೇ. ಆಮೇಲೆ ನಮ್ಮ ಬೈಂಡರಣ್ಣನನ್ನು ಕರೆದು ಚಾಪೆಯ ಮೇಲೆ ನಿಂತು ಎಳೆಯಲು ಹೇಳಿದೆ. ಪುಣ್ಯಾತ್ಮ ಇಡೀ ದಿನ ಪುಸ್ತಕದ ಕಟ್ಟು ಎತ್ತುವ ಆಳು, ಹಿಂದೆ ಮುಂದೆ ನೋಡದೆ ಎಳೆದ. ಎಡಕ್ಕೇ ಬಿದ್ದೆ, ಒಪ್ಪುತ್ತೇನೆ. ಆದರೆ ಬಿದ್ದೆ, ತಿರುಗಲಿಲ್ಲ. ಬೀಳುವುದಕ್ಕೂ ತಿರುಗುವುದಕ್ಕೂ ನಡುವೆ ಏನೋ ಒಂದು ಇರಬೇಕು, ಅದು ನಿನ್ನ ಪತ್ರದಲ್ಲಿ ಬಿಟ್ಟುಹೋಗಿದೆ. ಹುಡುಕಿ ಹುಡುಕಿ ತಲೆ ಕೆಟ್ಟು ಕೂತಿದ್ದೇನೆ. ಮೊನ್ನೆ ಮೆಟ್ಟಿಲಿಳಿಯುವಾಗ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ನಿಂತುಬಿಟ್ಟೆ. ಹನ್ನೊಂದು ವರ್ಷದಿಂದ ಇಳಿಯುತ್ತಿರುವ ಮೆಟ್ಟಿಲು.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ.

ಆ ದಿನ ನಿನಗೆ ಹತ್ತೊಂಬತ್ತು, ನನಗೆ ಹನ್ನೆರಡು. ಅಪ್ಪನ ಬೈಕು. ಗೋದಾಮಿನ ಹತ್ತಿರದ ಎಡ ತಿರುವಿನಲ್ಲಿ ನಿನ್ನ ಎಡಗೈ ಮುಂದಕ್ಕೆ ಹೋದದ್ದನ್ನು ನಾನು ಹಿಂದಿನ ಸೀಟಿನಿಂದ ಕಣ್ಣಾರೆ ನೋಡಿದೆ. ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಬಲಗಡೆಯ ಗೋಡೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಅಪ್ಪ ಕೇಳಿದಾಗ ನೋಡಿದ್ದನ್ನೇ ಹೇಳಿದೆ. “ಅಕ್ಕ ಹ್ಯಾಂಡಲ್ ಉಲ್ಟಾ ತಿರುಗಿಸಿದ್ಲು.” ಆಮೇಲಿನದ್ದು ನಿನಗೇ ಗೊತ್ತು. ಅಪ್ಪ ಬೈಕು ಮಾರಿದ್ದು, ‘ಎಡ ಬಲ ಗೊತ್ತಿಲ್ಲದವಳು’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದದ್ದು, ನೀನು ಬಟ್ಟೆ ಕಟ್ಟಿಕೊಂಡು ಹೋದದ್ದು. ಅಪ್ಪ ತೀರಿಕೊಂಡಾಗ ಅರ್ಧ ದಿನ ಬಂದೆ, ನೀರೂ ಕುಡಿಯದೆ ಹೋದೆ.

ಈಗ ನೋಡಿದರೆ ಅದೇ ಸರಿಯಾದ ವಿಧಾನ ಎಂದು ಪುಸ್ತಕ ಬರೆದಿದ್ದೀಯ. ಅದು ಸರಿಯಾಗಿದ್ದರೆ ನಾವು ಬಿದ್ದದ್ದು ಯಾಕೆ? ನನ್ನ ಮೊಣಕಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ನಿನ್ನನ್ನು ದೂರುತ್ತಿಲ್ಲ. ಗೊತ್ತಾಗುತ್ತಿಲ್ಲ, ಅಷ್ಟೆ.

ಚೀಟಿ ಇನ್ನೂ ಅಚ್ಚಾಗಿಲ್ಲ. ನನಗೇ ನಂಬಿಕೆಯಿಲ್ಲದ ಸಾಲನ್ನು ಒಪ್ಪು ಎಂದು ಹೇಗೆ ಹಾಕಲಿ?

ನಿನ್ನ
ತಿದ್ದಪ್ಪ


ಏಪ್ರಿಲ್ ೨

ತಿದ್ದಪ್ಪಾ,

ನಿಂತ ಗಾಡಿಯನ್ನು ಎಷ್ಟು ಕೇಳಿದರೂ ಓಡುವ ಗಾಡಿಯ ಸಂಗತಿ ಹೇಳುವುದಿಲ್ಲ. ನಿನ್ನ ಬೈಂಡರಣ್ಣನ ಹತ್ತಿರ ಗಾಡಿ ಇದ್ದರೆ ಹಿಂದೆ ಕೂತು ಹೋಗು. ಎಡ ತಿರುವಿನಲ್ಲಿ ಅವನ ಎಡಗೈಯನ್ನು ನೋಡು.

ನಿನ್ನ ಕೈಗಳು ಮಾತ್ರ ನಿನ್ನ ತೊಡೆಯ ಮೇಲೇ ಇರಲಿ.

ಹೊಸ ತಂಡ ಮೇ ಕೊನೆಗೆ ರಸ್ತೆಗಿಳಿಯುತ್ತದೆ. ಅಷ್ಟರೊಳಗೆ ಚೀಟಿ ಬರದಿದ್ದರೆ ಮುನ್ನೂರು ಪುಸ್ತಕದಲ್ಲೂ ನಾನೇ ಪೆನ್ನಿನಿಂದ ಬರೆಯುತ್ತೇನೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಇದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಎರಡು ಸಲ ಬರೆದು ಹರಿದೆ. ಕ್ರಮವಾಗಿ ಹೇಳಿಬಿಡುತ್ತೇನೆ.

ಬೈಂಡರಣ್ಣನದು ಹಳೆಯ ಸ್ಕೂಟರ್. ಕಾಲುವೆಯ ಪಕ್ಕದ ರಸ್ತೆಯಲ್ಲಿ ಉದ್ದನೆಯ ಎಡ ತಿರುವೊಂದಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಟೆವು. ಆ ದಿನದ ನಂತರ ನಾನು ಎರಡು ಚಕ್ರದ ಗಾಡಿ ಹತ್ತಿದ್ದೇ ಇಲ್ಲ, ಅದೂ ನಿನಗೆ ಗೊತ್ತಿರಲಿ. ಮೊದಲ ಸಲ ತಿರುವು ಬರುತ್ತಲೇ ಕಣ್ಣು ಮುಚ್ಚಿಬಿಟ್ಟೆ. “ನೋಡಿದ್ಯಾ?” ಎಂದ. “ಇನ್ನೊಂದ್ಸಲ” ಎಂದೆ.

ಎರಡನೆಯ ಸಲ ನೋಡಿದೆ. ಅವನ ಎಡಗೈ ಮುಂದಕ್ಕೆ ಹೋಯಿತು. ಒಂದು ಬೆರಳಗಲ, ಅಷ್ಟೇ. ಹೋಗುತ್ತಲೇ ಸ್ಕೂಟರ್ ಎಡಕ್ಕೆ ವಾಲಿತು, ರಸ್ತೆಯ ಜೊತೆಗೇ ತಿರುಗಿತು. ನಿಲ್ಲಿಸಿ ಕೇಳಿದೆ, “ಎಡಗಡೆ ಯಾಕೆ ಮುಂದಕ್ಕೆ ಒತ್ತಿದ್ರಿ?” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಾನೆಲ್ಲಯ್ಯಾ ಒತ್ತಿದೆ? ನಾನು ಸುಮ್ನೆ ತಿರುಗಿಸ್ದೆ. ಮೂವತ್ತು ವರ್ಷದಿಂದ ಓಡಿಸ್ತಿದೀನಿ, ನೀನು ನನಗೆ ಹೇಳ್ಕೊಡ್ತೀಯಾ?” ಒತ್ತಿದ್ದು ಅವನಿಗೇ ಗೊತ್ತಿಲ್ಲ. ನೀನು ಬರೆದಿದ್ದೆಯಲ್ಲ, ಹಾಗೇ.

ನನಗೆ ಇನ್ನೂ ಅನುಮಾನ. ಮೂರನೆಯ ಸಲ ಹೋಗೋಣವೆಂದೆ.

ಅಕ್ಕಾ, ಮೂರನೆಯ ಸಲ ಅವನ ಎಡಗೈ ಮುಂದಕ್ಕೆ ಹೋಗುವುದನ್ನು ನೋಡಿದಾಗ, ನನ್ನ ಕೈ ತೊಡೆಯ ಮೇಲಿಂದ ತಾನಾಗಿಯೇ ಎದ್ದಿತು. ಎದ್ದು ಅವನ ಮೊಣಕೈ ಹಿಡಿದು ಹಿಂದಕ್ಕೆ ಎಳೆಯಿತು. ಗಾಡಿ ಸೆಟೆದು ನೆಟ್ಟಗಾಗಿ ರಸ್ತೆಯ ಆಚೆಗೆ ಓಡಿತು. “ಏಯ್, ಕೈ ತೆಗಿಯೋ! ಇಬ್ರೂ ಕಾಲುವೆಗೆ ಹೋಗ್ತೀವಿ!” ಎಂದು ಅವನು ಕಿರುಚಿದ. ಹೇಗೋ ನಿಲ್ಲಿಸಿದ. ಇಳಿದು ನನಗೆ ಬೈದ ಬೈಗುಳಗಳಲ್ಲಿ ಎರಡು ನಮ್ಮ ನಿಘಂಟಿನಲ್ಲಿಲ್ಲ. ನಾನು ಕಾಲುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಾವು ಗೋಡೆಗೆ ಬಡಿದ ದಿನ ಆಸ್ಪತ್ರೆಯಲ್ಲಿ ನರ್ಸು ನನ್ನ ಮುಷ್ಟಿ ಬಿಡಿಸಿದಾಗ ಒಳಗೆ ನಿನ್ನ ತೋಳಿನ ಗುಂಡಿ ಇತ್ತು. ನೀಲಿ ಗುಂಡಿ, ಒಂದಿಷ್ಟು ಬಟ್ಟೆಯ ಚೂರೂ ಸೇರಿ ಕಿತ್ತು ಬಂದಿತ್ತು. “ಪಾಪ, ಹೆದರಿ ಅಕ್ಕನ್ನ ಹಿಡ್ಕೊಂಡಿದಾನೆ” ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ. ಇಪ್ಪತ್ನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ.

ನಾನು ಹೆದರಿರಲಿಲ್ಲ ಅಕ್ಕಾ. ನಿನ್ನ ಕೈ ತಪ್ಪು ಮಾಡುತ್ತಿದೆಯೆಂದು ಅದನ್ನು ತಿದ್ದಿದೆ.

ನೀನು ಸರಿಯಾಗಿಯೇ ಒತ್ತಿದ್ದೆ. ಎಳೆದವನು ನಾನು. ಗೋಡೆಗೆ ಬಡಿಸಿದವನು ನಾನು. ಆಮೇಲೆ ಆಸ್ಪತ್ರೆಯಲ್ಲಿ ಮಲಗಿಕೊಂಡು ನಿನ್ನ ಮೇಲೆ ಹೇಳಿದವನೂ ನಾನೇ. ಸುಳ್ಳು ಹೇಳಲಿಲ್ಲ, ನೋಡಿದ್ದನ್ನೇ ಹೇಳಿದೆ. ಅದನ್ನು ನೆನೆಸಿಕೊಂಡರೆ ಇನ್ನೂ ಸಂಕಟವಾಗುತ್ತದೆ.

ಅಮ್ಮನಿಗೆ ಹೇಳಬೇಕು. ಹೇಗೆ ಹೇಳಲಿ? ನನಗೇ ಅರ್ಥವಾಗಲು ಒಂದೂವರೆ ತಿಂಗಳು ಬೇಕಾಯಿತು.

ಚೀಟಿ ಅಚ್ಚಾಗಿದೆ, ಮುನ್ನೂರೈವತ್ತು ಕಳಿಸುತ್ತಿದ್ದೇನೆ.

ನಿನ್ನ
ತಮ್ಮ


ಮೇ ೩೦

ಅಕ್ಕಾ,

ನೀನು ಬರೆಯಲಿಲ್ಲ. ಚೀಟಿಗಳು ತಲುಪಿದವೆಂದು ನಿಮ್ಮ ಕಚೇರಿಯಿಂದ ರಶೀದಿ ಬಂತು. ರಶೀದಿಯಲ್ಲಿ ನಿನ್ನ ಕೈಬರಹ ಇದೆಯೇನೋ ಎಂದು ಹುಡುಕಿದೆ. ರುಜು ಬೇರೆಯವರದು. ಬರೆಯಬೇಕೆಂದೇನೂ ಇಲ್ಲ. ನಾನಾಗಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಅಮ್ಮನಿಗೆ ಹೇಳಿದೆ. ಮೊದಲು ಅವಳಿಗೆ ಏನೂ ಹಿಡಿಯಲಿಲ್ಲ. “ಎಡಕ್ಕೆ ಹೋಗೋಕೆ ಬಲಕ್ಕಾ? ಏನೋ ನಿಂದು?” ಎಂದಳು. ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹ್ಯಾಂಡಲಿನ ಹಾಗೆ ಹಿಡಿಸಿ, ಅವಳ ಹಿಂದೆ ನಿಂತು ಎಡ ಮೊಣಕೈಯನ್ನು ಎಳೆದು ತೋರಿಸಿದೆ. ತಟ್ಟೆ ಎಡಕ್ಕೆ ಹೊರಳಿತು, ಆಗ ಗಾಡಿ ಬಲಕ್ಕೆ, ಗೋಡೆಯ ಕಡೆಗೆ ವಾಲುತ್ತದೆ ಎಂದೆ. ಅವಳು ತಟ್ಟೆಯನ್ನೇ ನೋಡಿದಳು, ಆಮೇಲೆ ಅವಳ ಮೊಣಕೈ ಹಿಡಿದಿದ್ದ ನನ್ನ ಕೈಯನ್ನು ನೋಡಿದಳು.

“ಹಾಗಾದ್ರೆ ಇಷ್ಟು ವರ್ಷ ನಾನು ಯಾರನ್ನ ಬೈತಾ ಇದ್ದೆ?” ಎಂದು ಕೇಳಿದಳು.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಕಾಗದ ತೆಗೆದುಕೊ ಎಂದಳು. ಅವಳು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆಯುತ್ತಿದ್ದೇನೆ. ಅದು ನನಗೆಷ್ಟು ಕಷ್ಟವೆಂದು ನಿನಗೊಬ್ಬಳಿಗೇ ಗೊತ್ತು.

“ಮಗಳೇ, ಚೆನ್ನಾಗಿದೀಯಾ ಅಂತ ಬರಿ. ಬೇಡ, ಹಾಗೆ ಬೇಡ, ಇಷ್ಟು ದಿನ ಕೇಳ್ದೆ ಈಗ ಕೇಳಿದ್ರೆ ಏನಂದ್ಕೊತಾಳೆ. ಕಣ್ಣು ಚೆನ್ನಾಗಿ ಕಾಣ್ತಿದೆ ಅಂತ ಬರಿ. ಅದೂ ಬೇಡ. ನಾನು ಅವತ್ತು ನಿನ್ನನ್ನ ಒಂದು ಮಾತೂ ಕೇಳ್ಲಿಲ್ಲ. ಇವನು ಹೇಳ್ದ, ನಾನು ನಂಬ್ದೆ. ನಿನ್ನ ಕೈಯೂ ಮುರಿದಿತ್ತು, ಅದನ್ನ ಯಾರೂ ನೋಡ್ಲೇ ಇಲ್ಲ. ಇದನ್ನ ಬರಿ. ಊಟಕ್ಕೆ ಬಾ ಅಂತ ಬರಿ. ಬರ್ದೇ ಹೋದ್ರೆ ಪರವಾಗಿಲ್ಲ ಅಂತ ಬರೀಬೇಡ, ಪರವಾಗಿದೆ.”

ನಿನ್ನ ಮೂಲಪ್ರತಿಯ ಹದಿನೇಳನೆಯ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ನಾನು ಕೆಂಪಿನಲ್ಲಿ ಹೊಡೆದು ಹಾಕಿದ ಸಾಲಿನ ಕೆಳಗೆ ಚುಕ್ಕೆಗಳಿವೆ ನೋಡು. ನಮ್ಮ ಕೆಲಸದಲ್ಲಿ ಅದಕ್ಕೊಂದು ಅರ್ಥವಿದೆ. ತಿದ್ದಿದವನದೇ ತಪ್ಪು, ಬರೆದವರು ಬರೆದದ್ದು ಇದ್ದಂತೆಯೇ ಇರಲಿ ಎಂದು.

ನಿನ್ನ
ತಮ್ಮ


ಜೂನ್ ೮

ತಿದ್ದಪ್ಪಾ,

ಒಂದೂವರೆ ತಿಂಗಳು ಬರೆಯಲಿಲ್ಲ ನಿಜ. ಸಿಟ್ಟಿನಿಂದಲ್ಲ. ಸಿಟ್ಟು ಎಲ್ಲಿಗೆ ಹೋಯಿತೆಂದು ಹುಡುಕುತ್ತಿದ್ದೆ. ಅಷ್ಟು ವರ್ಷ ಜೊತೆಗಿದ್ದದ್ದು ಇದ್ದಕ್ಕಿದ್ದಂತೆ ಇಲ್ಲವಾದರೆ ಎಲ್ಲಿ ಕೈ ಇಡಬೇಕೋ ತಿಳಿಯುವುದಿಲ್ಲ.

ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ. ಅವತ್ತು ನೀನು ನನ್ನ ಮೊಣಕೈ ಎಳೆದದ್ದು ನನಗೆ ಗೊತ್ತಿತ್ತು. ಹೆದರಿ ಹಿಡಿದುಕೊಂಡೆ ಎಂದೇ ನಾನೂ ತಿಳಿದಿದ್ದೆ. ಹ್ಯಾಂಡಲ್ ಉಲ್ಟಾ ತಿರುಗಿಸಿದೆ ಎಂದು ನೀನು ಹೇಳಿದ್ದನ್ನು ಎಲ್ಲರಿಗಿಂತ ಮೊದಲು ನಂಬಿದವಳು ನಾನೇ. ನನ್ನ ಕೈ ಏನು ಮಾಡಿತೆಂದು ನಿನ್ನ ಬೈಂಡರಣ್ಣನ ಹಾಗೇ ನನಗೂ ಗೊತ್ತಿರಲಿಲ್ಲ. ಎಡ ಬಲ ಗೊತ್ತಿಲ್ಲದವಳು ಎಂದುಕೊಂಡೇ ಎಂಟು ವರ್ಷ ಬದುಕಿದೆ. ರಸ್ತೆ ದಾಟುವಾಗ ಎಡಗೈ ಯಾವುದೆಂದು ಬಳೆ ನೋಡಿಕೊಳ್ಳುತ್ತಿದ್ದೆ.

ತರಬೇತುದಾರರ ಕೋರ್ಸಿಗೆ ಸೇರಿದಾಗ ಮೊದಲ ವಾರವೇ ಈ ಪಾಠ ಬಂತು. ಕಲಿಸುವವರು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಎದ್ದು ಹೊರಗೆ ಹೋಗಿ ಅತ್ತೆ. ಅವತ್ತಿನಿಂದ ನಿನ್ನ ಮೇಲೆ ಸಿಟ್ಟು. ಹನ್ನೆರಡು ವರ್ಷದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನಾಚಿಕೆಗೇಡು ಎಂದು ನನ್ನ ಮೇಲೂ ಸಿಟ್ಟು. ಹೇಳಿದರೆ ಕುಂಟುವ ಕಾಲಿನ ಮೇಲೆ ನೀನು ಇದನ್ನೂ ಹೊತ್ತು ತಿರುಗುತ್ತೀಯ. ಹೇಳದಿದ್ದರೆ ನಾನು ಹೊತ್ತಿರಬೇಕು. ಯಾವುದು ಸರಿಯೆಂದು ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ನೀನು ಆ ಪ್ರೆಸ್ಸಿನಲ್ಲಿರುವುದು ನನಗೆ ಗೊತ್ತಿತ್ತು. ನಮ್ಮ ಊರಿನಲ್ಲೇ ಮೂರು ಪ್ರೆಸ್ಸುಗಳಿವೆ. ಹತ್ತು ತಾಸಿನ ದಾರಿ ಲಾರಿಯಲ್ಲಿ ಪುಸ್ತಕ ತರಿಸಿಕೊಳ್ಳುವ ಹುಚ್ಚು ನನಗಿಲ್ಲ. ಪುಟ ಹದಿನೇಳನ್ನು ನಾನು ನಿನಗಾಗಿಯೇ ಬರೆದೆ ಕಣೋ. ನೀನು ಓದುತ್ತೀಯ, ಆ ಸಾಲಿನ ಹತ್ತಿರ ನಿಲ್ಲುತ್ತೀಯ, ಏನೋ ಹೊಳೆಯುತ್ತದೆ ಎಂದುಕೊಂಡಿದ್ದೆ. ಹದಿನಾರು ವರ್ಷ ತಡೆದುಕೊಂಡು ಒಂದು ಸಾಲು ಬರೆದು ಕಳಿಸಿದರೆ, ಅದನ್ನೂ ತಿದ್ದಿ ಕಳಿಸಿದೆಯಲ್ಲೋ! ಆ ಪುಟ ನೋಡಿದ ದಿನ ನಗಬೇಕೋ ಅಳಬೇಕೋ ತಿಳಿಯದೆ ‘ಮಾನ್ಯರೇ’ ಎಂದು ಬರೆಯಲು ಕೂತೆ.

ನೀನು ಚುಕ್ಕೆ ಇಟ್ಟ ಪುಟವನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಗಣಿತದ ಮೇಷ್ಟರು ಪರೀಕ್ಷೆಯಲ್ಲಿ ಪಾಸಾದರು. ಚೀಟಿಯನ್ನೂ ಬಾಯಿಪಾಠ ಮಾಡಿದ್ದಾರೆ.

ಅಮ್ಮನಿಗೆ ಹೇಳು, ಶನಿವಾರವೇ ಹೊರಟು ಭಾನುವಾರ ಊಟಕ್ಕೆ ಬರುತ್ತೇನೆ, ಬೈಕಿನಲ್ಲೇ. ನಮ್ಮ ಬೀದಿಗೆ ಬರಬೇಕಾದರೆ ಕೊನೆಯ ತಿರುವು ಎಡಕ್ಕೇ ಅಲ್ಲವಾ? ಹನ್ನೆರಡು ಗಂಟೆಗೆ ಬಾಗಿಲಲ್ಲಿ ನಿಂತಿರಲಿ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆಯಂತಲ್ಲ, ನನ್ನ ಎಡಗೈಯನ್ನು ಅವಳು ತಾನೇ ನೋಡಲಿ.

ನಿನ್ನ
ಅಕ್ಕ